ಗಂಟೆ ನಮ್ಮ ಕೈಯಲ್ಲಿ ಇಲ್ಲದವರಿಗೆ ಯಾವ ಪದ್ಧತಿ?

ಕೆಲಸ ಚುರುಕಾಗಿ ಮಾಡುವ ಪದ್ಧತಿಗಳ ಬಗ್ಗೆ ಸಲಹೆ ಕೊಡುವವರು ಸಾಮಾನ್ಯವಾಗಿ ಒಂದು ಪ್ರಶ್ನೆ ಕೇಳದೇ ಮುಂದೆ ಹೋಗುತ್ತಾರೆ. ನಿಮ್ಮ ದಿನದ ಗಂಟೆಗಳು ಯಾರ ಕೈಯಲ್ಲಿವೆ? ಬಾಗಿಲು ಹಾಕಿಕೊಂಡು ಕೂರಬಲ್ಲವರಿಗೆ ಒಂದು ಬಗೆಯ ಪದ್ಧತಿ ಒಗ್ಗುತ್ತದೆ. ಬಾಗಿಲು ತೆರೆದಿಟ್ಟುಕೊಂಡೇ ಸಂಪಾದನೆ ಮಾಡಬೇಕಾದವರಿಗೆ ಬೇರೆಯದೇ ಬೇಕು. ಈ ಒಂದು ಪ್ರಶ್ನೆಯನ್ನು ಮುಂದಿಟ್ಟುಕೊಂಡು ನಾನು ಬಳಸಿ ನೋಡಿದ ಪದ್ಧತಿಗಳನ್ನೆಲ್ಲ ತೂಗಿ ನೋಡಬೇಕು ಅಂತ ಬಹಳ ದಿನದಿಂದ ಅಂದುಕೊಂಡಿದ್ದೆ.

ಬಳ್ಳಾರಿಯ ಕೌಲ್ ಬಜಾರಿನ ಹತ್ತಿರ ನನ್ನದೊಂದು ಸಣ್ಣ ಟ್ಯಾಕ್ಸ್ ಆಫೀಸ್ ಇದೆ. ಬರುವವರಲ್ಲಿ ಜಾಸ್ತಿ ಜನ ಜೀನ್ಸ್ ಹೊಲಿಯುವ ಸಣ್ಣ ಯೂನಿಟ್‌ಗಳವರು. ಜೊತೆಗೆ ಕಿರಾಣಿ ಅಂಗಡಿಯವರು, ಸಿರುಗುಪ್ಪದ ಕಡೆಯ ಭತ್ತದ ವ್ಯಾಪಾರಿಗಳು. ನನ್ನ ತಿಂಗಳಿಗೆ ಕ್ಯಾಲೆಂಡರಿನ ವಾರಗಳಿಗಿಂತ ಕೆಲವು ತಾರೀಖುಗಳೇ ಮುಖ್ಯ. 7ಕ್ಕೆ ಟಿಡಿಎಸ್, ಅಂದರೆ ಹಣ ಕೊಡುವಾಗಲೇ ಮುರಿದುಕೊಂಡ ತೆರಿಗೆ, ಕಟ್ಟಬೇಕು. 11ಕ್ಕೆ ಮಾರಾಟದ ವಿವರ ಕೊಡುವ ಜಿಎಸ್‌ಟಿಆರ್-1. 14ಕ್ಕೆ 2ಬಿ, ಅಂದರೆ ಮಾರಿದವರು ತೋರಿಸಿದ ಬಿಲ್ಲುಗಳ ಪಟ್ಟಿ ಬರುತ್ತದೆ, ಅದನ್ನು ಖರೀದಿ ಬಿಲ್ಲುಗಳ ಜೊತೆ ತಾಳೆ ನೋಡಬೇಕು. 15ಕ್ಕೆ ಕೆಲಸಗಾರರ ಪಿಎಫ್, ಇಎಸ್‌ಐ. 20ಕ್ಕೆ ತಿಂಗಳ ಜಿಎಸ್‌ಟಿ ಕಟ್ಟಿ ಸಲ್ಲಿಸುವ ರಿಟರ್ನ್, 3ಬಿ. ಜಿಎಸ್‌ಟಿ ರಿಟರ್ನ್ ಒಂದು ದಿನ ತಡವಾದರೂ ದಿನಕ್ಕೆ 50 ರೂಪಾಯಿ ಲೇಟ್ ಫೀ, ಬಾಕಿ ತೆರಿಗೆಯ ಮೇಲೆ ವರ್ಷಕ್ಕೆ ಶೇ. 18ರ ಬಡ್ಡಿ. ಆ ದುಡ್ಡು ಹೋಗುವುದು ನನ್ನನ್ನು ನಂಬಿ ಬಿಲ್ ಕೊಟ್ಟವರ ಜೇಬಿನಿಂದ. ಹಾಗಾಗಿ ಕೆಲಸ ಸರಿಯಾದ ಹೊತ್ತಿಗೆ ಮುಗಿಸುವುದು ನನಗೆ ಸುಮ್ನೆ ಹವ್ಯಾಸದ ವಿಷಯವಲ್ಲ.

ಕೆಲಸದಲ್ಲಿ ಎರಡು ಬಗೆ. ತಾಳೆ ನೋಡುವುದಕ್ಕೆ ಮನಸ್ಸು ಒಂದೇ ಕಡೆ ಇರಬೇಕು. ಒಂದು ಬಿಲ್ಲಿನ ಅಂಕಿ ಕಣ್ತಪ್ಪಿದರೆ ಖರೀದಿಯಲ್ಲಿ ಕಟ್ಟಿದ ತೆರಿಗೆಗೆ ಒಬ್ಬರಿಗೆ ಬರಬೇಕಾದ ಕ್ರೆಡಿಟ್ ಹೋಯಿತು ಅಂತಲೇ. ಇನ್ನೊಂದು ಕೆಲಸ ಬಂದವರನ್ನು ಮಾತಾಡಿಸುವುದು. "ಮೇಡಂ, ಒಂದೇ ನಿಮಿಷ ರೀ" ಅಂತ ಬರುತ್ತಾರೆ. ಆ ಒಂದು ನಿಮಿಷವೂ ನನ್ನ ಕೆಲಸವೇ. ಅವರು ಬರದಿದ್ದರೆ ತಾಳೆ ನೋಡಲು ಬಿಲ್ಲೂ ಇರುವುದಿಲ್ಲ.

ಮೊದಲು ಪೊಮೊಡೊರೊ. ಎಲ್ಲರೂ ಕೇಳಿರುವುದು ಅದನ್ನೇ. 1980ರ ದಶಕದ ಕೊನೆಯಲ್ಲಿ ಇಟಲಿಯ ಫ್ರಾನ್ಸೆಸ್ಕೊ ಚಿರಿಲ್ಲೊ ಕಾಲೇಜು ಓದುವಾಗ ಮನಸ್ಸು ನಿಲ್ಲದೆ, ಟೊಮೆಟೊ ಆಕಾರದ ಅಡುಗೆಮನೆಯ ಟೈಮರ್ ಇಟ್ಟುಕೊಂಡು ಓದಲು ಕೂತರು. ಅಲ್ಲಿಂದ ಈ ಪದ್ಧತಿ ಬೆಳೆಯಿತು. 25 ನಿಮಿಷ ಕೆಲಸ, 5 ನಿಮಿಷ ಬಿಡುವು. ಹೀಗೆ ನಾಲ್ಕು ಸುತ್ತು ಆದಮೇಲೆ 15ರಿಂದ 30 ನಿಮಿಷದ ದೊಡ್ಡ ಬಿಡುವು. ಇದರ ಕಟ್ಟುನಿಟ್ಟಿನ ನಿಯಮ ಒಂದಿದೆ, ಬಹಳ ಜನ ಅದನ್ನು ಹೇಳುವುದಿಲ್ಲ. 25 ನಿಮಿಷವನ್ನು ತುಂಡು ಮಾಡುವ ಹಾಗಿಲ್ಲ. ನಡುವೆ ಬೇರೆ ಕೆಲಸಕ್ಕೆ ಎದ್ದರೆ ಆ ಸುತ್ತು ಲೆಕ್ಕಕ್ಕಿಲ್ಲ, ಮತ್ತೆ ಮೊದಲಿನಿಂದ ಶುರು ಮಾಡಬೇಕು. ಯಾರಾದರೂ ಬಂದರೆ "ಈಗ ಕೆಲಸದಲ್ಲಿದ್ದೇನೆ, ಇಷ್ಟು ಹೊತ್ತಿಗೆ ನಾನೇ ಫೋನ್ ಮಾಡುತ್ತೇನೆ" ಅಂತ ಹೇಳಿ ಕಳಿಸಬೇಕು.

ನನ್ನ ಅಕ್ಕನ ಮಗಳು ರಾಯಚೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾಳೆ. ಪರೀಕ್ಷೆ ಹತ್ತಿರ ಬಂದಾಗ ಹಾಸ್ಟೆಲಿನಲ್ಲಿ ಹೀಗೇ ಓದುತ್ತಾಳೆ, ಅವಳಿಗೆ ಚೆನ್ನಾಗಿ ಹಿಡಿಸಿದೆ. "ಚಿಕ್ಕಮ್ಮ, ಪುಸ್ತಕ ತೆಗೆಯೋದೇ ಕಷ್ಟ ಇತ್ತು ನೋಡು. ಬರೀ 25 ನಿಮಿಷ ಅಂದ್ರ ಕೂತ್ಕೊಳ್ಳಾಕ ಬೇಜಾರಾಗಲ್ಲ" ಅಂದಳು. ನನ್ನ ಅಭಿಪ್ರಾಯವೂ ಅದೇ. ಶುರು ಮಾಡಲು ಹಿಂಜರಿಯುವ ಮನಸ್ಸನ್ನು ಕೂರಿಸುವುದೇ ಪೊಮೊಡೊರೊದ ನಿಜವಾದ ಉಪಕಾರ. ಯಾರೂ ಕರೆಯದ ಕೋಣೆ ಇದ್ದರೆ ಇದಕ್ಕಿಂತ ಸುಲಭದ ಪದ್ಧತಿ ಇಲ್ಲ.

ಆದರೆ ಅಂಗಡಿಯ ಕಥೆ ಬೇರೆ. ಒಬ್ಬ ಯೂನಿಟ್ ಮಾಲೀಕರು ಬೆವರು ಒರೆಸಿಕೊಳ್ಳುತ್ತಾ ಬಂದು ನಿಲ್ಲುತ್ತಾರೆ. ಹೊರಗೆ ಪ್ಯಾಂಟಿನ ಮೂಟೆಗಳನ್ನು ತುಂಬಿಕೊಂಡ ಗಾಡಿ ನಿಂತಿದೆ. 50,000 ರೂಪಾಯಿಗಿಂತ ಜಾಸ್ತಿ ಬೆಲೆಯ ಮಾಲು ಹೊರಟರೆ ಇ-ವೇ ಬಿಲ್, ಅಂದರೆ ಮಾಲು ಸಾಗಿಸಲು ಆನ್‌ಲೈನಿನಲ್ಲಿ ತೆಗೆಯುವ ಪತ್ರ, ಬೇಕು. ಅದು ಇಲ್ಲದೆ ಡ್ರೈವರ್ ಗಾಡಿ ಎತ್ತುವುದಿಲ್ಲ. ಅವರಿಗೆ ನಾನು "ಇನ್ನೂ 18 ನಿಮಿಷ ಐತಿ, ಕೂತ್ಕೊಳ್ರಿ" ಅನ್ನಲಾಗುತ್ತದೆಯೇ? ಅನ್ನಬಾರದು ಕೂಡ. ಗಾಡಿ ನಿಂತರೆ ಅವರಿಗೆ ನಷ್ಟ. ಹಾಗಾಗಿ ಅಂಗಡಿ ತೆರೆದಿರುವ ಹೊತ್ತಿನಲ್ಲಿ ಪೊಮೊಡೊರೊ ನನಗೆ ಒಗ್ಗುವುದಿಲ್ಲ. ಶಟರ್ ಅರ್ಧ ಇಳಿಸಿದ ಮೇಲೆ, ಸಂಜೆ, ಒಗ್ಗುತ್ತದೆ.

ಬೆಳಗಿನ ಜಾವ ಐದಕ್ಕೆ ಏಳುವ ಪದ್ಧತಿಯ ಬಗ್ಗೆ ಎರಡು ಮಾತು ಸಾಕು. ಅದನ್ನು ಶಿಸ್ತು, ಸಂಕಲ್ಪ ಅಂತೆಲ್ಲ ದೊಡ್ಡದು ಮಾಡುತ್ತಾರೆ. ನಮ್ಮ ಕಡೆ ಬೇಸಿಗೆಯಲ್ಲಿ ಬೇಗ ಏಳುವುದು ಬಿಸಿಲು ಕಲಿಸಿದ ಪಾಠ. ಏಪ್ರಿಲ್, ಮೇ ತಿಂಗಳಲ್ಲಿ ಬಳ್ಳಾರಿ, ರಾಯಚೂರು, ಕೊಪ್ಪಳದ ಸರ್ಕಾರಿ ಕಚೇರಿಗಳ ಹೊತ್ತನ್ನೇ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಅಂತ ಬದಲಿಸುತ್ತಾರೆ. 40 ಡಿಗ್ರಿ ದಾಟಿದ ಮಧ್ಯಾಹ್ನ, ಕರೆಂಟೂ ಹೋಗಿರುವಾಗ, ಯಾವ ಪದ್ಧತಿಯೂ ತಲೆಯನ್ನು ಓಡಿಸಲಾರದು. ಗಮನ ಬೇಡುವ ಕೆಲಸ ಬೆಳಿಗ್ಗೆ, ಸ್ಕ್ಯಾನ್ ಮಾಡುವುದು, ಫೈಲ್ ಜೋಡಿಸುವುದು ಮಧ್ಯಾಹ್ನ. ಇಷ್ಟೇ ನನ್ನ ನಿಯಮ. ಐದಕ್ಕೋ ಆರೂವರೆಗೋ ಎಂಬುದು ರಾತ್ರಿ ಮನೆಯಲ್ಲಿ ಊಟ ಮುಗಿಯುವ ಹೊತ್ತಿನ ಮೇಲೆ ನಿಂತಿದೆ.

ಇನ್ನು ನನಗೆ ತುಂಬಾ ಕೆಲಸಕ್ಕೆ ಬಂದದ್ದು ಅಮೆರಿಕದ ಸಲಹೆಗಾರ ಡೇವಿಡ್ ಆಲೆನ್ ಅವರ ಪದ್ಧತಿಯ ಒಂದು ತುಂಡು. 2001ರಲ್ಲಿ "ಗೆಟಿಂಗ್ ಥಿಂಗ್ಸ್ ಡನ್" ಎಂಬ ಪುಸ್ತಕವಾಗಿ ಬಂದ ಈ ಪದ್ಧತಿಯನ್ನು ಜನ ಜಿಟಿಡಿ ಅಂತ ಕರೆಯುತ್ತಾರೆ. ಐದು ಹೆಜ್ಜೆಗಳಿವೆ: ತಲೆಯಲ್ಲಿರುವುದನ್ನೆಲ್ಲ ಬರೆದಿಡು, ಅದು ಏನು ಅಂತ ತಿಳಿ, ಸರಿಯಾದ ಪಟ್ಟಿಗೆ ಹಾಕು, ವಾರಕ್ಕೊಮ್ಮೆ ಎಲ್ಲವನ್ನೂ ತಿರುಗಿ ನೋಡು, ಮಾಡು. ಪೂರ್ತಿ ಪಾಲಿಸಿದರೆ ಪಟ್ಟಿಗಳನ್ನು ಸಾಕುವುದೇ ಇನ್ನೊಂದು ಕೆಲಸವಾಗುತ್ತದೆ. ಮೊದಲ ಹೆಜ್ಜೆ ಮಾತ್ರ ಅಪ್ಪಟ ಚಿನ್ನ.

ಯಾಕೆ ಅಂತ ಮನಶ್ಶಾಸ್ತ್ರದವರು ಹೇಳಿದ್ದಾರೆ. ಬ್ಲೂಮಾ ಝೈಗಾರ್ನಿಕ್ ಎಂಬ ಸಂಶೋಧಕಿ 1927ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಮುಗಿಸಿದ ಕೆಲಸಕ್ಕಿಂತ ಅರ್ಧಕ್ಕೆ ನಿಲ್ಲಿಸಿದ ಕೆಲಸವೇ ಜನರ ನೆನಪಿನಲ್ಲಿ ಜಾಸ್ತಿ ಉಳಿದಿತ್ತು. 2011ರಲ್ಲಿ ಮಸಿಕಾಂಪೊ ಮತ್ತು ಬಾಮೈಸ್ಟರ್ ಇನ್ನೊಂದು ವಿಷಯ ತೋರಿಸಿದರು. ಅರ್ಧ ಉಳಿದ ಕೆಲಸ ತಲೆಯಲ್ಲಿ ಗುಂಯ್‌ಗುಡುವುದು ನಿಲ್ಲಬೇಕಾದರೆ ಅದನ್ನು ಮುಗಿಸಲೇಬೇಕು ಅಂತೇನಿಲ್ಲ. ಯಾವಾಗ, ಹೇಗೆ ಮಾಡುತ್ತೇನೆ ಅಂತ ಸ್ಪಷ್ಟವಾಗಿ ಗೊತ್ತುಮಾಡಿಕೊಂಡರೂ ಸಾಕು. ರಾತ್ರಿ ಹನ್ನೊಂದಕ್ಕೆ "ಆ ಯೂನಿಟ್ಟಿನವರ ಇಎಸ್‌ಐ ಕಟ್ಟಿದೆನಾ" ಅಂತ ಎದ್ದು ಕೂತ ಯಾರಿಗಾದರೂ ಇದರ ಬೆಲೆ ಗೊತ್ತು.

ಆಲೆನ್ ಅವರದೇ ಇನ್ನೊಂದು ನಿಯಮ ಬಹಳ ಹೆಸರು ಮಾಡಿದೆ. ಎರಡು ನಿಮಿಷದಲ್ಲಿ ಆಗುವ ಕೆಲಸವಾದರೆ ಈಗಲೇ ಮಾಡಿಬಿಡು ಎಂಬುದು. ಇದನ್ನು ನಾನು ಒಪ್ಪುವುದಿಲ್ಲ, ಕನಿಷ್ಠ ನಮ್ಮಂಥ ಕಡೆಗೆ. ಬಾಗಿಲು ತೆರೆದ ಆಫೀಸಿನಲ್ಲಿ ಎಲ್ಲವೂ ಎರಡು ನಿಮಿಷದ ಕೆಲಸವೇ. ಪ್ಯಾನ್ ಕಾರ್ಡಿನ ಜೆರಾಕ್ಸ್, ಒಂದು ಓಟಿಪಿ, ಒಂದು ಚಲನ್ನು, "ನನ್ನ ರೀಫಂಡ್ ಬಂತಾ ನೋಡ್ರಿ". ಇವನ್ನೆಲ್ಲ ಬಂದ ಕೂಡಲೇ ಮಾಡುತ್ತಾ ಹೋದರೆ ಸಂಜೆಗೆ ಬೆನ್ನು ನೋವು ಉಳಿಯುತ್ತದೆ, 3ಬಿ ಅಲ್ಲೇ ಇರುತ್ತದೆ. ಆ ನಿಯಮ ಇರುವುದು ಬಂದ ಕೆಲಸಗಳನ್ನು ಒಟ್ಟಿಗೆ ಕೂತು ವಿಂಗಡಿಸುವ ಹೊತ್ತಿಗೆ. ಇಡೀ ದಿನಕ್ಕೆ ಹಚ್ಚಿದರೆ ಅದೇ ತೊಂದರೆ ಕೊಡುತ್ತದೆ.

ಅವರ ಇನ್ನೊಂದು ಮಾತು ಮಾತ್ರ ಚೆನ್ನಾಗಿದೆ, ಅದನ್ನು ಕಡಿಮೆ ಜನ ಬಳಸುತ್ತಾರೆ. ಕೆಲಸಗಳನ್ನು ಎಲ್ಲಿ ಮಾಡಬೇಕೋ ಆ ಜಾಗದ ಪ್ರಕಾರ ಪಟ್ಟಿ ಮಾಡುವುದು. ನನ್ನ ಡೈರಿಯಲ್ಲಿ ಬ್ಯಾಂಕಿಗೆ ಒಂದು ಪುಟ, ಜಿಎಸ್‌ಟಿ ಕಚೇರಿಗೆ ಒಂದು ಪುಟ, ಹೊಸಪೇಟೆಗೆ ಹೋದಾಗ ಮಾಡಬೇಕಾದ್ದಕ್ಕೆ ಒಂದು ಪುಟ. ಬಿಸಿಲಲ್ಲಿ ಸ್ಕೂಟಿ ತೆಗೆದುಕೊಂಡು ಒಂದೇ ಬ್ಯಾಂಕಿಗೆ ಮತ್ತೆ ಮತ್ತೆ ಹೋಗುವ ಗೋಳು ಇದರಿಂದ ತಪ್ಪಿತು.

ಈಗ ನಡುವೆ ಬರುವವರ ವಿಷಯಕ್ಕೆ ಬರುತ್ತೇನೆ. ಈ ಇಡೀ ಬರಹ ಇರುವುದೇ ಅದಕ್ಕೆ.

ಸೋಫಿ ಲೆರಾಯ್ ಎಂಬ ಸಂಶೋಧಕಿ 2009ರಲ್ಲಿ ಒಂದು ವಿಷಯ ಬರೆದರು. ಒಂದು ಕೆಲಸ ಬಿಟ್ಟು ಇನ್ನೊಂದಕ್ಕೆ ಹೋದಾಗ ಗಮನ ಪೂರ್ತಿ ಬರುವುದಿಲ್ಲ, ಹಿಂದಿನ ಕೆಲಸದ ಮೇಲೆ ಒಂದಷ್ಟು ಉಳಿದುಬಿಡುತ್ತದೆ. ಅಂದರೆ ಇ-ವೇ ಬಿಲ್ ಮಾಡುವಾಗ ತಲೆಯ ಒಂದು ಮೂಲೆ ಇನ್ನೂ ತಾಳೆ ನೋಡುತ್ತಿರುತ್ತದೆ. ಎರಡೂ ಕಡೆ ತಪ್ಪಾಗುವುದು ಹೀಗೆ. 2018ರಲ್ಲಿ ಅವರೇ ಥೆರೆಸಾ ಗ್ಲೋಂಬ್ ಅವರ ಜೊತೆ ಸೇರಿ ಒಂದು ಸಣ್ಣ ಪರಿಹಾರ ಪರೀಕ್ಷಿಸಿದರು. ಎದ್ದು ಹೋಗುವ ಮುಂಚೆ, ಎಲ್ಲಿಗೆ ನಿಲ್ಲಿಸಿದೆ, ವಾಪಸ್ ಬಂದಮೇಲೆ ಏನು ಮಾಡಬೇಕು ಅಂತ ಚುಟುಕಾಗಿ ಬರೆದಿಟ್ಟು ಹೋಗುವುದು. ಹಾಗೆ ಬರೆದಿಟ್ಟವರು ನಡುವೆ ಬಂದ ಕೆಲಸವನ್ನು ಚೆನ್ನಾಗಿ ಮಾಡಿದರು.

ನಾನು ಇದನ್ನು ಮಾಡುವುದು ಹೀಗೆ. ಬಿಲ್ಲಿನ ಕಟ್ಟಿನ ಮೇಲೆ ಒಂದು ಪೆನ್ಸಿಲ್ ಯಾವಾಗಲೂ ಇರುತ್ತದೆ. ಬಂದವರು ಚಪ್ಪಲಿ ಬಿಟ್ಟು ಒಳಗೆ ಬಂದು ಕೂರುವಷ್ಟರಲ್ಲಿ ಚೀಟಿಯ ಮೇಲೆ ಗೀಚುತ್ತೇನೆ. "47ರ ತನಕ ಆಯ್ತು. 48ರಲ್ಲಿ ಜಿಎಸ್‌ಟಿ ನಂಬರ್ ಕೊನೆ ಅಕ್ಷರ ಬೇರೆ, ಬಟ್ಟೆ ಅಂಗಡಿಗೆ ಫೋನ್. 49ರಿಂದ ಶುರು." ಅಷ್ಟೇ. ಚೀಟಿಯನ್ನು 48ನೇ ಬಿಲ್ಲಿಗೆ ಕ್ಲಿಪ್ ಮಾಡಿ, ಕಟ್ಟನ್ನು ಬೋರಲು ಹಾಕುತ್ತೇನೆ. ಆಮೇಲೆ ಎದುರಿಗೆ ಕೂತವರ ಮುಖ ನೋಡಿ ಮಾತಾಡಲು ಆಗುತ್ತದೆ. ಮೊದಲು ಅವರು ಮಾತಾಡುತ್ತಿದ್ದರೆ ನನ್ನ ಕಣ್ಣು ಸ್ಕ್ರೀನಿನ ಮೇಲೇ ಇರುತ್ತಿತ್ತು. ಅದು ಅವರಿಗೂ ಬೇಜಾರು, ನನಗೂ ಬೇಜಾರು. ಪೊಮೊಡೊರೊ, ಜಿಟಿಡಿ, ಎಲ್ಲಕ್ಕಿಂತ ಹೆಚ್ಚಾಗಿ ನನ್ನ ದಿನವನ್ನು ಉಳಿಸಿದ್ದು ಈ ಪೆನ್ಸಿಲ್ ಚೀಟಿ. ಇದಕ್ಕೆ ಹೆಸರೂ ಇಲ್ಲ, ಆ್ಯಪೂ ಇಲ್ಲ. ಹೀಗಾಗಿಯೇ ಇದರ ಬಗ್ಗೆ ಯಾರೂ ವಿಡಿಯೊ ಮಾಡುವುದಿಲ್ಲ ಅನಿಸುತ್ತದೆ.

ಐವಿ ಲೀ ಪದ್ಧತಿ ಇದಕ್ಕಿಂತ ಹಳೆಯದು. 1918ರಲ್ಲಿ ಅಮೆರಿಕದ ಬೆತ್ಲೆಹೆಮ್ ಸ್ಟೀಲ್ ಕಂಪನಿಯ ಮುಖ್ಯಸ್ಥ ಚಾರ್ಲ್ಸ್ ಶ್ವಾಬ್ ಅವರಿಗೆ ಐವಿ ಲೀ ಎಂಬ ಸಲಹೆಗಾರ ಹೇಳಿಕೊಟ್ಟರು ಎಂಬ ಕಥೆ. ರಾತ್ರಿ ಮಲಗುವ ಮುಂಚೆ ನಾಳೆಯ ಆರು ಕೆಲಸ ಬರೆ, ಮುಖ್ಯವಾದ್ದು ಮೊದಲು. ಬೆಳಿಗ್ಗೆ ಒಂದನೆಯದು ಮುಗಿಯುವ ತನಕ ಎರಡನೆಯದನ್ನು ಮುಟ್ಟಬೇಡ. ಇದಕ್ಕೆ ಶ್ವಾಬ್ 25,000 ಡಾಲರ್ ಚೆಕ್ ಕೊಟ್ಟರಂತೆ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ಕೆಲಸ ಮಾಡುವ ಒಬ್ಬ ಪರಿಚಯದವರಿಗೆ ಈ ಕಥೆ ಹೇಳಿದಾಗ, "ಶಿಫ್ಟಿನವರಿಗೆ ಪಟ್ಟಿ ಮೇಲಿಂದಾನೇ ಬರ್ತೈತಲ್ರೀ ಅಕ್ಕ" ಅಂದರು. ಸರಿಯಾದ ಮಾತು. ಪಟ್ಟಿ ಬರೆಯುವ ಅಧಿಕಾರ ಇರುವವರಿಗೆ ಇದು ಒಳ್ಳೆಯದು. ರಾತ್ರಿಯೇ ಬರೆದಿಡುವುದು ನನಗೂ ಇಷ್ಟ, ಆದರೆ ಆರು ನನಗೆ ಜಾಸ್ತಿ. ಎರಡು ಬರೆದರೆ ಎರಡೂ ಆಗುತ್ತವೆ.

ತುರ್ತು, ಮುಖ್ಯ ಅಂತ ನಾಲ್ಕು ಮನೆ ಮಾಡಿ ಕೆಲಸ ಹಂಚುವ ಚೌಕ ಇನ್ನೊಂದು. ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್ 1954ರ ಒಂದು ಭಾಷಣದಲ್ಲಿ, ಒಂದು ಕಾಲೇಜಿನ ಹಿಂದಿನ ಮುಖ್ಯಸ್ಥರೊಬ್ಬರ ಮಾತು ಅಂತ ಹೇಳಿ, ತುರ್ತಾದದ್ದು ಮುಖ್ಯವಲ್ಲ, ಮುಖ್ಯವಾದದ್ದು ಎಂದೂ ತುರ್ತಲ್ಲ ಎಂದಿದ್ದರು. ಲೇಖಕ ಸ್ಟೀಫನ್ ಕವಿ 1989ರಲ್ಲಿ ಅದನ್ನು ನಾಲ್ಕು ಮನೆಗಳ ಚೌಕವಾಗಿ ಜನಪ್ರಿಯ ಮಾಡಿದರು.

ಈ ಮಾತಿನ ತೂಕ ನಮ್ಮ ಮೂರು ಜಿಲ್ಲೆಯವರಿಗೆ ಯಾರೂ ವಿವರಿಸಬೇಕಿಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಕ್ರೆಸ್ಟ್ ಗೇಟಿನ ಸರಪಳಿ ತುಂಡಾಗಿ ಗೇಟೇ ಕೊಚ್ಚಿಹೋಯಿತು. 33 ಗೇಟುಗಳಲ್ಲಿ ಒಂದೇ ಒಂದು. ಒಳಗೆ ತುಂಬಿ ನಿಂತಿದ್ದ ನೀರಿನಲ್ಲಿ ಹತ್ತಾರು ಟಿಎಂಸಿ ನದಿಗೆ ಹರಿದು ಹೋಯಿತು. ಬಳ್ಳಾರಿ, ಕೊಪ್ಪಳ, ರಾಯಚೂರಿನ ಗದ್ದೆಗಳಲ್ಲಿ ಭತ್ತ ನಾಟಿ ಮಾಡಿದವರ ಎದೆ ಒಡೆದ ದಿನಗಳು ಅವು. ಗೇಟುಗಳ ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಸುಮಾರು ಒಂದು ವಾರದಲ್ಲಿ, ಹರಿಯುವ ನೀರಿನಲ್ಲೇ ಸ್ಟಾಪ್ ಲಾಗ್, ಅಂದರೆ ಗೇಟಿನ ಜಾಗಕ್ಕೆ ಅಡ್ಡ ಇಳಿಸುವ ಉಕ್ಕಿನ ತಡೆ, ಇಳಿಸಿ ನೀರು ನಿಲ್ಲಿಸಿದರು. ಆ ವಾರ ನಮ್ಮ ಆಫೀಸಿಗೆ ಬಂದ ಸಿರುಗುಪ್ಪದವರು ಬಿಲ್ಲಿನ ಮಾತೇ ಆಡಲಿಲ್ಲ. ಫೋನಿನಲ್ಲಿ ಗೇಟಿನ ವಿಡಿಯೊ ನೋಡುತ್ತಾ ಕೂರುತ್ತಿದ್ದರು.

ಸರಪಳಿ ನೋಡುವುದು, ಎಣ್ಣೆ ಹಾಕುವುದು, ಹಳೆಯದನ್ನು ಬದಲಿಸುವುದು, ಇಂಥ ಕೆಲಸಗಳು ಯಾವ ದಿನವೂ "ಇವತ್ತೇ" ಅಂತ ಕೂಗುವುದಿಲ್ಲ. ನನ್ನ ಆಫೀಸಿನಲ್ಲಿ ಅಂಥವು ಕಂಪ್ಯೂಟರಿನ ಬ್ಯಾಕಪ್, ಡಿಜಿಟಲ್ ಸಹಿಯ ಅವಧಿ, ಯಾರ ನೋಂದಣಿಯಲ್ಲಿ ಹಳೆಯ ಫೋನ್ ನಂಬರ್ ಇದೆ ಎಂಬ ಪಟ್ಟಿ. ನಾಲ್ಕು ಮನೆಯ ಚೌಕ ಇವುಗಳ ಕಡೆ ಬೆರಳು ತೋರಿಸುತ್ತದೆ, ಅಷ್ಟರ ಮಟ್ಟಿಗೆ ಉಪಯೋಗ. ಭಾನುವಾರ ವಾರಕ್ಕೊಮ್ಮೆ ಬರೆದರೆ ಸಾಕು. ದಿನಾ ಬರೆಯಲು ಕೂತರೆ ಅಂಗಡಿಯಲ್ಲಿ ಎಲ್ಲವೂ ಮೊದಲನೆಯ ಮನೆಗೇ ಹೋಗಿ ಬೀಳುತ್ತದೆ, ಏಕೆಂದರೆ ಎದುರಿಗೆ ನಿಂತವರಿಗೆ ಅವರ ಕೆಲಸ ತುರ್ತೂ ಹೌದು, ಮುಖ್ಯವೂ ಹೌದು.

ಬೆರಳು ತೋರಿಸಿದ ಮಾತ್ರಕ್ಕೆ ಕೆಲಸ ಆಗುವುದಿಲ್ಲವಲ್ಲ. ಅದಕ್ಕೆ ಮನಶ್ಶಾಸ್ತ್ರಜ್ಞ ಪೀಟರ್ ಗೋಲ್‌ವಿಟ್ಸರ್ ಹೇಳಿದ್ದು ನನಗೆ ಹಿಡಿಸಿತು. "ಇದನ್ನು ಮಾಡುತ್ತೇನೆ" ಅಂತ ಬರೆಯುವ ಬದಲು "ಇದು ಆದ ಕೂಡಲೇ ಅದನ್ನು ಮಾಡುತ್ತೇನೆ" ಅಂತ ಬರೆಯುವುದು. ಅವರು ಮತ್ತು ಪಾಸ್ಕಲ್ ಶೀರನ್ 2006ರಲ್ಲಿ 94 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಇದರ ಪರಿಣಾಮ ಚೆನ್ನಾಗಿಯೇ ಕಂಡಿತು. ನನ್ನದು ಹೀಗಿದೆ: ಶನಿವಾರ ಸಂಜೆ ಬಾಗಿಲಿಗೆ ದೀಪ ಹಚ್ಚಿದ ಕೂಡಲೇ ಬ್ಯಾಕಪ್ ಡ್ರೈವ್ ಸಿಕ್ಕಿಸುತ್ತೇನೆ. ದೀಪ ಯಾವ ವಾರವೂ ತಪ್ಪುವುದಿಲ್ಲ, ಹಾಗಾಗಿ ಬ್ಯಾಕಪ್ಪೂ ತಪ್ಪುವುದಿಲ್ಲ.

ಕೊನೆಗೆ ಕಾನ್‌ಬಾನ್, ಅಂದರೆ ಒಮ್ಮೆಗೆ ಕೈಯಲ್ಲಿರುವ ಕೆಲಸಕ್ಕೆ ಮಿತಿ ಹಾಕಿ, ಯಾವ ಕೆಲಸ ಎಲ್ಲಿದೆ ಅಂತ ಕಣ್ಣಿಗೆ ಕಾಣುವ ಹಾಗೆ ಇಡುವ ಪದ್ಧತಿ. ಇದನ್ನು ನಾನು ಕಲಿತದ್ದು ಬರಹ ಓದಿ ಅಲ್ಲ, ಒಂದು ಜೀನ್ಸ್ ಯೂನಿಟ್ಟಿನಲ್ಲಿ ಸ್ಟಾಕ್ ಲೆಕ್ಕ ಬರೆಯುತ್ತಾ ಕೂತಾಗ. ಟೊಯೋಟಾ ಕಾರು ಕಂಪನಿಯಲ್ಲಿ ತೈಚಿ ಓನೊ ಇದನ್ನು ಬೆಳೆಸಿದರು ಅಂತೆಲ್ಲ ಆಮೇಲೆ ಓದಿದೆ.

ಯೂನಿಟ್ಟಿನಲ್ಲಿ ಒಂದು ಉದ್ದದ ಮೇಜು. ಅದರ ಮೇಲೆ ಡೆನಿಮ್ ಬಟ್ಟೆಯನ್ನು ಪದರ ಪದರವಾಗಿ ಹಾಸುತ್ತಾರೆ. ಕಟಿಂಗ್ ಮಾಸ್ಟರ್ ಮೇಲಿನ ಪದರದಲ್ಲಿ ಗುರುತು ಹಾಕಿ ಮಷೀನು ಓಡಿಸಿದರೆ ಒಂದೇ ಏಟಿಗೆ ಎಷ್ಟೋ ಪ್ಯಾಂಟಿನ ಕಾಲುಗಳು ಕತ್ತರಿಸಿ ಬರುತ್ತವೆ. ಅವನ್ನು ಬಂಡಲ್ ಕಟ್ಟಿ ಹೊಲಿಗೆಗೆ ಕಳಿಸುತ್ತಾರೆ. ಹೊಲಿಗೆಯಿಂದ ವಾಷಿಂಗ್‌ಗೆ, ಅಲ್ಲಿಂದ ಬಟನ್, ರಿವೆಟ್, ದಾರ ಕತ್ತರಿಸುವುದು, ಇಸ್ತ್ರಿ, ಪ್ಯಾಕಿಂಗ್. ಕತ್ತರಿಸುವುದು ಬೇಗ ಆಗುತ್ತದೆ, ಹೊಲಿಯುವುದು ನಿಧಾನ. ಕಟಿಂಗ್ ನಿಲ್ಲದೆ ನಡೆದರೆ ಹೊಲಿಗೆಯವರ ಪಕ್ಕದಲ್ಲಿ ಬಂಡಲ್ಲುಗಳ ರಾಶಿ ಬೀಳುತ್ತದೆ. ಆಗ ಸೈಜುಗಳು ಬೆರೆತುಹೋಗುತ್ತವೆ, ಒಂದು ಶೇಡಿನ ಕಾಲಿಗೆ ಇನ್ನೊಂದು ಶೇಡಿನ ಕಾಲು ಸೇರುತ್ತದೆ, ನಡೆಯಲು ಜಾಗವೂ ಇರುವುದಿಲ್ಲ.

ಅಲ್ಲಿನ ಮಾಸ್ಟರ್ ಮಾಡಿದ್ದು ಇಷ್ಟೇ. ಹೊಲಿಗೆ ಮಷೀನುಗಳ ಮುಂದೆ ನೆಲದ ಮೇಲೆ ಸುಣ್ಣದಲ್ಲಿ ಒಂದು ಚೌಕ ಬರೆದಿದ್ದರು. ಆ ಚೌಕ ತುಂಬಿದರೆ ಕಟಿಂಗ್ ಬಂದ್. ಚೌಕ ಅರ್ಧ ಖಾಲಿಯಾದರೆ ಮತ್ತೆ ಶುರು. "ಸುಮ್ನೆ ಕೂತ್ರೆ ಮಾಲೀಕರು ಏನೂ ಅನ್ನಲ್ವಾ?" ಅಂತ ಕೇಳಿದೆ. "ನಾ ಸುಮ್ನೆ ಕೂತ್ರ ಮಾಲು ಬೇಗ ಹೊರಗ ಹೋಗ್ತೈತಿ ಮೇಡಂ. ಅದು ಅವ್ರಿಗೂ ಗೊತ್ತೈತಿ" ಅಂದರು.

ಮಾಸ್ಟರ್ ಹೇಳಿದ್ದರ ಹಿಂದೆ ಗಣಿತವೇ ಇದೆ. ಜಾನ್ ಲಿಟಲ್ 1961ರಲ್ಲಿ ಅದನ್ನು ಸಾಧಿಸಿ ತೋರಿಸಿದರು. ಒಂದು ಕೆಲಸ ಒಳಗೆ ಬಂದು ಮುಗಿದು ಹೊರಗೆ ಹೋಗಲು ಸರಾಸರಿ ಎಷ್ಟು ದಿನ ಬೇಕು? ಒಳಗಿರುವ ಒಟ್ಟು ಕೆಲಸವನ್ನು, ದಿನಕ್ಕೆ ಮುಗಿಯುವ ಕೆಲಸದಿಂದ ಭಾಗಿಸಿದಷ್ಟು. 30 ಫೈಲು ತೆರೆದಿಟ್ಟು ದಿನಕ್ಕೆ ಮೂರು ಮುಗಿಸುವವರ ಬಳಿ ಪ್ರತಿ ಫೈಲೂ ಹತ್ತು ದಿನ ಬಿದ್ದಿರುತ್ತದೆ. 9 ಮಾತ್ರ ತೆರೆದರೆ ಮೂರು ದಿನ. ವೇಗ ಅದೇ, ಕೈ ಅದೇ. ಉಳಿದ 21 ಫೈಲು ಕಪಾಟಿನಲ್ಲಿ ಕಾಯುತ್ತವೆ ಎಂಬುದು ನಿಜ. ಆದರೆ ಅವುಗಳಿಗೆ ನನ್ನ ತಲೆಯಲ್ಲಿ ಜಾಗ ಬೇಡ, ಅವುಗಳ ಬಿಲ್ಲು ಬೇರೆಯವರ ಬಿಲ್ಲಿನ ಜೊತೆ ಬೆರೆಯುವುದೂ ಇಲ್ಲ.

ನನ್ನ ಗೋಡೆಯ ಮೇಲೆ ಈಗ ಒಂದು ಬಿಳಿ ಹಲಗೆ ಇದೆ. ನಾಲ್ಕು ಸಾಲು: ಬಿಲ್ಲು ಬಂದಿದೆ, ನೋಡುತ್ತಿದ್ದೇನೆ, ನಿಮ್ಮಿಂದ ಒಂದು ವಿಷಯ ಬೇಕು, ಸಲ್ಲಿಸಿದೆ. ಹೆಸರು ಬರೆಯುವುದಿಲ್ಲ. ಒಬ್ಬರ ವ್ಯವಹಾರ ಇನ್ನೊಬ್ಬರಿಗೆ ತಿಳಿಯಬಾರದು. ಪ್ರತಿಯೊಬ್ಬರಿಗೂ ಒಂದು ಫೈಲ್ ನಂಬರ್ ಇದೆ, ಅದರ ಚೀಟಿ ಹಲಗೆಯ ಮೇಲೆ ಸಾಲಿನಿಂದ ಸಾಲಿಗೆ ಹೋಗುತ್ತದೆ. "ನೋಡುತ್ತಿದ್ದೇನೆ" ಎಂಬ ಸಾಲಿನಲ್ಲಿ ಮೂರಕ್ಕಿಂತ ಜಾಸ್ತಿ ಚೀಟಿ ಅಂಟಿಸುವುದಿಲ್ಲ.

ನನ್ನ ಕೆಲಸ ಹಗುರಾಗಲಿ ಅಂತ ಹಾಕಿದ ಹಲಗೆ ಅದು. ಆದರೆ ಅದರ ದೊಡ್ಡ ಲಾಭ ಬೇರೆ ಕಡೆಯಿಂದ ಬಂತು. ಬಂದವರು ಬಾಗಿಲಲ್ಲೇ ನಿಂತು ತಮ್ಮ ನಂಬರ್ ಹುಡುಕುತ್ತಾರೆ. "ನಿಮ್ಮಿಂದ ಒಂದು ವಿಷಯ ಬೇಕು" ಎಂಬಲ್ಲಿ ಇದ್ದರೆ ಅಲ್ಲಿಂದಲೇ ಅಂಗಡಿಗೆ ಫೋನ್ ಮಾಡಿ ಬಿಲ್ಲು ತರಿಸುತ್ತಾರೆ. "ಸಲ್ಲಿಸಿದೆ" ಎಂಬಲ್ಲಿ ಇದ್ದರೆ ಕೈ ಎತ್ತಿ ನಮಸ್ಕಾರ ಮಾಡಿ ಹೋಗುತ್ತಾರೆ. ನನ್ನ ಫೈಲ್ ಏನಾಯ್ತು ಅಂತ ಕೇಳಲೆಂದೇ ಬರುತ್ತಿದ್ದವರು ಎಷ್ಟು ಜನ ಇದ್ದರು ಅಂತ ನನಗೆ ಗೊತ್ತಾದದ್ದು ಅವರು ಕೇಳುವುದನ್ನು ಬಿಟ್ಟಮೇಲೆ. ಪೊಮೊಡೊರೊ, ಐವಿ ಲೀ, ನಾಲ್ಕು ಮನೆಯ ಚೌಕ, ಇವೆಲ್ಲ ನನ್ನ ಜೊತೆ ಮಾತ್ರ ಮಾತಾಡುತ್ತವೆ. ಹಲಗೆ ಬಂದವರ ಜೊತೆಯೂ ಮಾತಾಡುತ್ತದೆ. ಗಂಟೆ ನಮ್ಮ ಕೈಯಲ್ಲಿ ಇಲ್ಲದವರು, ಅಂದರೆ ಕಿರಾಣಿ ಅಂಗಡಿಯವರು, ಗ್ರಾಮ ಪಂಚಾಯ್ತಿಯ ಸಿಬ್ಬಂದಿ, ಶಾಲೆಯ ಹೆಡ್‌ಮಾಸ್ಟರ್, ಆಸ್ಪತ್ರೆಯ ನರ್ಸ್, ಇವರೆಲ್ಲ ಒಂದೇ ಒಂದು ಪದ್ಧತಿ ಆರಿಸಬೇಕು ಅಂದರೆ ನಾನು ಇದನ್ನೇ ಹೇಳುತ್ತೇನೆ. ಜೊತೆಗೆ ಪೆನ್ಸಿಲ್ ಚೀಟಿ.

2021ರಲ್ಲಿ ಬ್ರಾಡ್ ಏಯಾನ್ ಮತ್ತು ಜೊತೆಗಾರರು ಸಮಯ ನಿರ್ವಹಣೆಯ ಬಗ್ಗೆ ನಡೆದ 158 ಅಧ್ಯಯನಗಳನ್ನು ಒಟ್ಟಿಗೆ ನೋಡಿದರು. ಸುಮಾರು 54 ಸಾವಿರ ಜನರ ಮಾಹಿತಿ ಅದು. ಸಮಯವನ್ನು ಅಚ್ಚುಕಟ್ಟಾಗಿ ಬಳಸುವುದಕ್ಕೂ ಕೆಲಸದ ಫಲಕ್ಕೂ ಮಧ್ಯಮ ಮಟ್ಟದ ನಂಟು ಕಂಡಿತು. ಬದುಕಿನ ಬಗ್ಗೆ ಇರುವ ತೃಪ್ತಿಯ ಜೊತೆಗಿನ ನಂಟು ಅದಕ್ಕಿಂತ ಗಟ್ಟಿಯಾಗಿತ್ತು. ನನಗೆ ಇದು ಆಶ್ಚರ್ಯ ಅನಿಸಲಿಲ್ಲ. ದಿನದ ಮೇಲೆ ಸ್ವಲ್ಪ ಹಿಡಿತ ಇದೆ ಅನಿಸಿದರೆ ರಾತ್ರಿ ಊಟ ರುಚಿಸುತ್ತದೆ, ಅಲ್ವಾ?

ಹಾಗಾದರೆ ಆ ಹಿಡಿತವೇ ಇಲ್ಲದವರ ಗತಿ ಏನು? ನಮ್ಮ ಬೀದಿಯ ಹಿಂದಿನ ಓಣಿಗಳಲ್ಲಿ ಜೀನ್ಸಿನ ದಾರ ಕತ್ತರಿಸುವ ಹೆಣ್ಣುಮಕ್ಕಳು ಇದ್ದಾರೆ. ಹೊಲಿದ ಪ್ಯಾಂಟಿನಲ್ಲಿ ಅಲ್ಲಲ್ಲಿ ಉಳಿದ ದಾರದ ತುದಿಗಳನ್ನು ಸಣ್ಣ ಕತ್ತರಿಯಲ್ಲಿ ತೆಗೆಯುವ ಕೆಲಸ. ಪೀಸ್ ಲೆಕ್ಕದಲ್ಲಿ ಕೂಲಿ. ಮೂಟೆ ಮನೆಗೆ ಬರುತ್ತದೆ. ಯಾವಾಗ ಬರುತ್ತದೆ, ಎಷ್ಟು ಬರುತ್ತದೆ ಎಂಬುದು ಅವರಿಗೆ ಗೊತ್ತಿರುವುದಿಲ್ಲ. ಒಬ್ಬಾಕೆ ನನ್ನ ಹತ್ತಿರ ಮಗಳ ಸ್ಕಾಲರ್‌ಶಿಪ್ ಅರ್ಜಿ ತುಂಬಿಸಲು ಬಂದಿದ್ದರು. ಹೆಬ್ಬೆರಳಿನ ಬುಡದಲ್ಲಿ ಕತ್ತರಿ ಒತ್ತಿ ಒತ್ತಿ ಗಟ್ಟಿಯಾದ ಚರ್ಮ. ಬೆರಳಿನ ಸಂದುಗಳಲ್ಲಿ ನೀಲಿ ಬಣ್ಣ. ಅರ್ಜಿಯ ಮೇಲೆ ಸಹಿ ಮಾಡುವ ಮುಂಚೆ ಬೆರಳನ್ನು ಸೆರಗಿಗೆ ಒರೆಸಿಕೊಂಡರು. "ಕೆಲಸ ಕಷ್ಟ ಅಲ್ಲಕ್ಕ. ಮೂಟೆ ಸಂಜಿಗೆ ಬಂದ್ರ ಬೆಳಗ್ಗೆ ಬೇಕು ಅಂತಾರ. ರಾತ್ರಿ ಲೈಟಿನಾಗ ದಾರ ಕಾಣಂಗಿಲ್ಲ" ಅಂದರು.

ಅವರಿಗೆ ನಾನು ಯಾವ ಪದ್ಧತಿ ಹೇಳಲಿ? ಅವರ ಕೈ ಆಗಲೇ ಎಷ್ಟು ಚುರುಕಾಗಿದೆ ಅಂದರೆ ಅದಕ್ಕಿಂತ ಚುರುಕು ಮಾಡುವುದು ಯಾರಿಂದಲೂ ಆಗದು. ಅವರ ಗಂಟೆ ಇರುವುದು ಮೂಟೆ ಕಳಿಸುವವರ ಕೈಯಲ್ಲಿ. ಅಲ್ಲೇ ಸರಿಯಾಗಬೇಕು.

ಯೂನಿಟ್ ನಡೆಸುವವರಲ್ಲಿ ಕೆಲವರು ಇದನ್ನು ಓದುತ್ತೀರಿ ಅಂತ ನನಗೆ ಗೊತ್ತು, ಹಾಗಾಗಿ ನೇರವಾಗಿ ಕೇಳುತ್ತಿದ್ದೇನೆ. ದಾರ ಕತ್ತರಿಸುವ ಮೂಟೆಗಳನ್ನು ಬೆಳಿಗ್ಗೆಯೇ ಕಳಿಸಿ. ಎಷ್ಟು ಪೀಸ್ ಬರುತ್ತವೆ ಅಂತ ಹಿಂದಿನ ದಿನ ಒಂದು ಮಿಸ್ಡ್ ಕಾಲಿನಷ್ಟಾದರೂ ಸುದ್ದಿ ಕೊಡಿ. ವಾಪಸ್ ಒಯ್ಯುವ ಹೊತ್ತು ಸಂಜೆ ಬೆಳಕಿರುವಾಗಲೇ ಇರಲಿ. ಈ ವಿಷಯ ಎತ್ತಿದಾಗ ಒಬ್ಬರು ಒಪ್ಪಿಕೊಂಡು ಬೆಳಿಗ್ಗೆ ಹತ್ತಕ್ಕೆ ಕಳಿಸಲು ಶುರು ಮಾಡಿದ್ದಾರೆ. ದಾರ ಸರಿಯಾಗಿ ಹೋಗದೆ ವಾಪಸ್ ಬರುವ ಪೀಸು ಕಡಿಮೆಯಾಗಿದೆ ಅಂತ ಅವರೇ ಹೇಳಿದರು. ಉಳಿದವರು ವಾಷಿಂಗ್‌ನಿಂದ ಮಾಲು ಬರುವುದೇ ಮಧ್ಯಾಹ್ನದ ಮೇಲೆ ಅನ್ನುತ್ತಾರೆ. ಅದು ನಿಜವೇ. ಹಾಗಿದ್ದರೆ ಆ ಮಾಲನ್ನು ರಾತ್ರಿ ಯೂನಿಟ್ಟಿನಲ್ಲೇ ಇಟ್ಟುಕೊಂಡು ಮರುದಿನ ಬೆಳಿಗ್ಗೆ ಹಂಚಿ, ಪ್ಯಾಕಿಂಗ್ ಅರ್ಧ ದಿನ ಮುಂದೆ ಹೋಗುತ್ತದೆ. ಡೆಲಿವರಿ ತಾರೀಖು ಬರೆದುಕೊಳ್ಳುವಾಗಲೇ ಆ ಅರ್ಧ ದಿನವನ್ನೂ ಸೇರಿಸಿ ಬರೆದುಕೊಳ್ಳಿ. ಲೆಕ್ಕ ಹಾಕಲು ಸಹಾಯ ಬೇಕಾದರೆ ನನ್ನ ಆಫೀಸಿಗೆ ಬನ್ನಿ, ಅದಕ್ಕೆ ಫೀಸು ಬೇಡ.